ಮಾಯಾದುರ್ಗದಲ್ಲಿ ಗಂಡ ಹೆಂಡತಿ

ಮಂಗಳಾ ಆ ಆಟಕ್ಕೆ ಇಳಿದದ್ದು ಬರೀ ಸಿಟ್ಟಿನಿಂದ.

ಅವಳ ಗಂಡ ವಿರೂಪಾಕ್ಷ ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ಗೇಟು ನೋಡಿಕೊಳ್ಳುವ ಕೆಲಸದವನು. ಡ್ಯೂಟಿ ಮುಗಿಸಿ ಕ್ವಾರ್ಟರ್ಸಿಗೆ ಬಂದು, ಕಾಫಿ ಕುಡಿದು, ನಡುಮನೆಯ ದಿವಾನದ ಮೇಲೆ ಕಾಲು ಮಡಚಿ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ 'ಮಾಯಾದುರ್ಗ' ತೆರೆದನೆಂದರೆ ಮುಗಿಯಿತು. ಆಮೇಲೆ ಅವನು ವಿರೂಪಾಕ್ಷನಲ್ಲ, ರಣಕಲಿ. ಬಾಗಿಲಷ್ಟು ದೊಡ್ಡ ಗುರಾಣಿ ಹಿಡಿದು ರಾಕ್ಷಸರ ಎದುರು ನಿಲ್ಲುವ ವೀರ. ಎಲ್ಲೆಲ್ಲಿಯವರೋ ಒಂದೇ ಹೊತ್ತಿಗೆ ಸೇರಿ, ಮಾತಾಡಿಕೊಳ್ಳುತ್ತ ಆಡುವ ಆಟ ಅದು.

"ರೀ, ಸಿಲಿಂಡರ್ ಬಂದದೆ, ವಸಿ ಒಳೀಕ್ ಎತ್ತಿಡಿ."

"ತಡಿಯೇ, ಇದ ನಿಲ್ಸಾಕ್ ಬರಾಕಿಲ್ಲ."

"ಫೋನಲ್ ಆಡಾ ಆಟ ನಿಲ್ಸಾಕ್ ಬರಾಕಿಲ್ವಾ? ಯಾರ್‌ಗ್ ಯೋಳ್ತೀರಿ ಈ ಕತೆಯ?"

ಇಷ್ಟೇ ಆಗಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳೇನೋ. ಅವಳು ಹಿನ್ನೀರಿನ ಕಡೆಯ ಒಂದು ರೆಸಾರ್ಟಿನಲ್ಲಿ ಅತಿಥಿಗಳ ತಿಂಡಿಯ ಉಸ್ತುವಾರಿ ನೋಡುತ್ತಿದ್ದಳು. ಬೆಳಿಗ್ಗೆ ರೆಸಾರ್ಟಿನ ವ್ಯಾನು ತಪ್ಪಿದರೆ ನಡೆದೇ ಹೋಗಬೇಕು. ಹಾಗಾಗಿ ಸ್ಕೂಟರ್ ಕಲಿಸಿ ಎಂದು ಗಂಡನನ್ನು ಕೇಳಿದ್ದಳು. ಅವನು ನಾಲೆಯ ಏರಿಯ ಮೇಲೆ ಕರೆದುಕೊಂಡು ಹೋದ. ಸ್ಕೂಟರು ಒಂದಿಷ್ಟು ಓಲಾಡಿದ್ದೇ ತಡ, "ಬ್ರೇಕ್ ಹಿಡಿ ಅಂದ್ರೆ ಎಕ್ಸಿಲೇಟ್ರು ತಿರುವ್ತೀಯಲ್ಲ, ತಲೆ ಒಳ್ಗೆ ಏನದೆ ನಿಂಗೆ?" ಎಂದು ಕಿರುಚಿದ. ನಾಲೆಯ ಮೆಟ್ಟಿಲುಗಳ ಮೇಲೆ ಬಟ್ಟೆ ಒಗೆಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಮಂಗಳಾ ಸ್ಕೂಟರಿನಿಂದ ಇಳಿದು, ಅದನ್ನು ಅವನ ಕೈಗೆ ಕೊಟ್ಟು, ಒಬ್ಬಳೇ ಮನೆಗೆ ನಡೆದಳು. ಅಂದು ಸಂಜೆಯೇ ಆ ಮನುಷ್ಯ ಫೋನ್ ಹಿಡಿದು ಕೂತು ಯಾರೊಂದಿಗೋ ಹೊಟ್ಟೆ ಹಿಡಿದು ನಗುತ್ತಿದ್ದ. ಅದೇನಿದೆ ಅದರಲ್ಲಿ, ನೋಡಿಯೇ ಬಿಡೋಣ ಎಂದುಕೊಂಡಳು.

ಮಾರನೆಯ ದಿನ ರೆಸಾರ್ಟಿನ ವೈಫೈನಲ್ಲಿ ಆಟವನ್ನು ಇಳಿಸಿಕೊಂಡಳು. ಕತ್ತಿಯವಳಾಗುತ್ತೀಯೋ, ಬಿಲ್ಲಿನವಳಾಗುತ್ತೀಯೋ, ಮಾಟಗಾತಿಯೋ, ವೈದ್ಯೆಯೋ ಎಂದು ಅದು ಕೇಳಿತು. ಹೊಡೆದಾಟ ಕಡಿಮೆ ಇರಬಹುದೆಂದು ವೈದ್ಯೆಯನ್ನು ಆರಿಸಿ, 'ಬೆಳ್ಳಿಹಕ್ಕಿ' ಎಂದು ಹೆಸರಿಟ್ಟುಕೊಂಡಳು. ಒಳಗೆ ಹೋದರೆ ಕಣ್ಣಿಗೆ ಹಬ್ಬ. ನೀಲಿ ಬೆಟ್ಟಗಳು, ಮಿನುಗುವ ಜಲಪಾತ, ಎಲ್ಲಿಂದಲೋ ಕೇಳಿಬರುವ ಕೊಳಲು. ಅಲ್ಲಿ ಯಾರೂ ಅವಳಿಂದ ಬಿಸಿ ದೋಸೆ ಕೇಳುತ್ತಿರಲಿಲ್ಲ. ಯಾರೋ ಅಪರಿಚಿತ ಬಂದು ಚಳಿಗೆ ಇರಲಿ ಎಂದು ಒಂದು ಕಂಬಳಿ ಕೊಟ್ಟು, ಕೈಮುಗಿದು ಹೊರಟುಹೋದ. ಮಂಗಳಾ ಕೂತಲ್ಲಿಯೇ ನಕ್ಕಳು.

ನಗು ಬಹಳ ದಿನ ಉಳಿಯಲಿಲ್ಲ. ಆ ಲೋಕದ ಊರಗೌಡನೊಬ್ಬ ಹಂದಿಯ ಚರ್ಮ ತಂದುಕೊಡು ಎಂದ. ಸಾಯಿಸಿ ಸಾಯಿಸಿ ತಂದುಕೊಟ್ಟರೆ ಕಪ್ಪೆ ತಾ ಎಂದ. ಕಪ್ಪೆಯಾದ ಮೇಲೆ ಅಣಬೆ. ಇದು ಆಟವೋ ಕೂಲಿಯೋ ಎಂದು ಅವಳಿಗೆ ಅನುಮಾನ ಬಂತು. ಒಮ್ಮೆ ಫೋನು ಕೆಳಗಿಟ್ಟು ಒಲೆಯ ಮೇಲಿನ ಹಾಲು ನೋಡಿಬರುವಷ್ಟರಲ್ಲಿ ತೋಳವೊಂದು ಬೆಳ್ಳಿಹಕ್ಕಿಯನ್ನು ತಿಂದು ಮುಗಿಸಿತ್ತು. ನಿಲ್ಲಿಸಲು ಬರುವುದಿಲ್ಲ ಎಂದು ಗಂಡ ಹೇಳಿದ್ದು ಸುಳ್ಳಲ್ಲ ಎಂಬುದು ಅವಳಿಗೆ ಆಗ ತಿಳಿಯಿತು. ಆದರೆ ಸತ್ತವಳು ಊರ ಬಾವಿಯ ಪಕ್ಕ ಏನೂ ಆಗದವಳಂತೆ ಎದ್ದು ನಿಂತಿದ್ದಳು. ಅದು ಅವಳಿಗೆ ಇಷ್ಟವಾಯಿತು.

ಗಂಡನ ತಂಡದ ಹೆಸರು 'ಕಾಕನಕೋಟೆ ಪಡೆ'. ಸೇರಿಸಿಕೊಳ್ಳಿ ಎಂದು ಬೆಳ್ಳಿಹಕ್ಕಿ ಕೇಳಿದ ಕೂಡಲೇ ಸೇರಿಸಿಕೊಂಡರು. ಎಲ್ಲರಿಗೂ ಕತ್ತಿ ಬೀಸುವುದೇ ಬೇಕು, ಗಾಯ ವಾಸಿ ಮಾಡುವವರು ಯಾರೂ ಇರಲಿಲ್ಲ. ಮೈಕು ಕೆಟ್ಟಿದೆ ಎಂದು ಅವಳು ಬರೆದು ತಿಳಿಸಿದಳು. ಅವಳಿಗೆ ಕಲಿಸುವ ಹೊಣೆಯನ್ನು ರಣಕಲಿಯೇ ಹೊತ್ತುಕೊಂಡ.

ಹೀಗೆ ಗಂಡ ನಡುಮನೆಯಲ್ಲಿ, ಹೆಂಡತಿ ಅಡುಗೆಮನೆಯಲ್ಲಿ, ಮಧ್ಯೆ ಒಂದು ಗೋಡೆ. ಅವಳು ಧಾರಾವಾಹಿ ನೋಡುತ್ತಿದ್ದಾಳೆಂದೇ ಅವನು ತಿಳಿದಿದ್ದ. ಅವಳು ತಪ್ಪು ಗುಂಡಿ ಒತ್ತಿ, ಅವನನ್ನು ಬಿಟ್ಟು ಯಾವುದೋ ಕಲ್ಲಿಗೆ ಮದ್ದು ಹಾಕಿದರೆ, ಇಯರ್‌ಫೋನಿನಲ್ಲಿ ಅವನ ದನಿ ಬೆಣ್ಣೆಯಂತೆ ಬರುತ್ತಿತ್ತು: "ಪರ್ವಾಗಿಲ್ಲ ಬುಡಿ ಬೆಳ್ಳಿಹಕ್ಕಿಯವ್ರೆ, ಮೊದ್‌ಮೊದ್ಲು ಎಲ್ರೂ ಅಂಗೇಯ. ಇನ್ನೊಂದ್ ಕಿತ ಮಾಡವಾ."

ಮತ್ತೆ ಅದೇ ಕಲ್ಲಿಗೆ ಮದ್ದು. "ಕಲ್ಲೂ ಬದಿಕ್ಕೊಳ್ಳಿ ಬುಡಿ, ಪಾಪ!" ಎಂದು ಅವನು ನಕ್ಕ.

ಮಂಗಳಾ ಮೊದಲು ತಾನೂ ನಕ್ಕಳು. ಆಮೇಲೆ ಸೌಟನ್ನು ಪಾತ್ರೆಗೆ ಕುಕ್ಕಿದಳು. ನಾಲೆ ಏರಿಯ ಮೇಲೆ ಈ ಬಾಯಿ ಎಲ್ಲಿಗೆ ಹೋಗಿತ್ತು?

ಒಂದು ಭಾನುವಾರ ಮಧ್ಯಾಹ್ನ ಪಡೆಯವರೆಲ್ಲ ಪಾತಾಳದ ಮಹಾಸರ್ಪದ ಮೇಲೆ ಯುದ್ಧ ಹೂಡಿದರು. ಕೃಷ್ಣರಾಜನಗರದಿಂದ ಬಂದಿದ್ದ ಅತ್ತೆ ಪುಟ್ಟತಾಯಮ್ಮ ಜಗಲಿಯಲ್ಲಿ ಅವರೆಕಾಳು ಹಿಸುಕುತ್ತಿದ್ದರು. ಎಲ್ಲರೂ ಸೇರುವ ತನಕ ಮಾತು ನಡೆದಿತ್ತು. ಹುಣಸೂರಿನ ಲ್ಯಾಬೊಂದರಲ್ಲಿ ಕೆಲಸ ಮಾಡುವ ಪವಿತ್ರಾ ಎಂಬ ಬಿಲ್ಲುಗಾತಿ ಕೇಳಿದಳು: "ಅಣ್ಣ, ಈಟೊತ್ತು ಆಡ್ತೀಯಲ್ಲ, ಅತ್ಗೆ ಬೈಯಾಕಿಲ್ವಾ?"

"ಬೈತಾಳೆ. ಬೈಯಾದ್ರಾಗೆ ನ್ಯಾಯನೂ ಅದೆ. ಮೊನ್ನೆ ಸ್ಕೂಟ್ರು ಕಲಿಸಾಕ್ ಓಗಿ ಬಾಯ್ಗ್ ಬಂದಂಗ್ ಅಂದ್‌ಬುಟ್ಟೆ. ಅವತ್ತಿಂದ ಸರ್ಯಾಗ್ ಮಾತಾಡ್ಸಿಲ್ಲ."

"ತಪ್ಪಾಯ್ತು ಅಂತ ಒಂದ್ ಮಾತ್ ಅಂದ್ರಾಯ್ತಪ್ಪ."

"ಎದುರ್‌ಗ್ ಓದ್ರೆ ಬಾಯೇ ಬರಾಕಿಲ್ಲ ಕಣಮ್ಮ."

ಗೋಡೆಯಾಚೆ ಮಂಗಳಾ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು. ಏನಾದರೂ ಬರೆಯಬೇಕೆನಿಸಿತು. ಅಷ್ಟರಲ್ಲಿ ಸರ್ಪ ಹೆಡೆಯೆತ್ತಿತು.

ರಣಕಲಿ ಎಲ್ಲರಿಗಿಂತ ಮುಂದೆ ಗುರಾಣಿ ಒಡ್ಡಿ ನಿಂತ. ಅವನಿಗೆ ತಗುಲಿದ ಪ್ರತಿ ಪೆಟ್ಟಿಗೂ ಬೆಳ್ಳಿಹಕ್ಕಿ ಹಿಂದಿನಿಂದ ಮದ್ದು ಕಳಿಸುತ್ತಿದ್ದಳು. ಈಗ ಒಂದೂ ಕಲ್ಲಿಗೆ ಬೀಳುತ್ತಿರಲಿಲ್ಲ. ಆದರೆ ಹಾವು ವಿಷ ಉಗುಳಲು ಬಾಯಿ ತೆರೆದಾಗ ಅವಳ ಮದ್ದು ಖಾಲಿಯಾಗಿತ್ತು, ಅವನ ಜೀವದ ಗೆರೆ ನೂಲಿನಷ್ಟಾಗಿತ್ತು. 'ಹಿಂದೆ ಬನ್ನಿ' ಎಂದು ಬರೆದಳು. ಯುದ್ಧದ ನಡುವೆ ಓದುವವರು ಯಾರು? ಮತ್ತೆ ಬರೆದಳು. ಅವನು ಅಲ್ಲಾಡಲಿಲ್ಲ. ಮಂಗಳಾಗೆ ತಡೆಯಲಾಗಲಿಲ್ಲ.

"ರೀ! ಇಂದಕ್ ಬನ್ರೀ! ಜೀವ ಓಯ್ತಾ ಅದೆ ನಿಮ್ದು!"

ಮದುವೆಯಾದಾಗಿನಿಂದ ಆ ದನಿಗೆ ಒಗ್ಗಿಹೋಗಿದ್ದ ವಿರೂಪಾಕ್ಷ ಯೋಚನೆಯನ್ನೇ ಮಾಡದೆ ಹಿಂದಕ್ಕೆ ಹಾರಿದ. ವಿಷ ಬರಿಯ ಬಂಡೆಯ ಮೇಲೆ ಬಿತ್ತು.

"ಅಣ್ಣ, ಯಾರದು ಕೂಗಿದ್ದು?" ಪಿರಿಯಾಪಟ್ಟಣದ ಚೇತನ್‌ಕುಮಾರ ಕೇಳಿದ. ಅವನು ಆಟದಲ್ಲಿ ಕೊಡಲಿ ಹಿಡಿದ ದೈತ್ಯ.

"ನಮ್ಮನೆಯವ್ಳು ಕಣ್ಲಾ."

"ನಿನ್ ಜೀವ ಓಯ್ತಾ ಇರಾದು ಅತ್ಗೆಗೆ ಎಂಗ್ ಗೊತ್ತಾಯ್ತು?"

ವಿರೂಪಾಕ್ಷ ತಲೆಯೆತ್ತಿದ. ಅಡುಗೆಮನೆಯ ಬಾಗಿಲಲ್ಲಿ ಮಂಗಳಾ ನಿಂತಿದ್ದಳು. ಕಿವಿಯಲ್ಲಿ ಇಯರ್‌ಫೋನು, ಕೈಯಲ್ಲಿ ಫೋನು, ಫೋನಿನಲ್ಲಿ ಅದೇ ಹಾವು. ಅವನ ಬಾಯಿ ತೆರೆದೇ ಇತ್ತು.

"ಆಮ್ಯಾಕ್ ಕೇಳಿ," ಎಂದಳು ಅವಳು, ಬಂದು ದಿವಾನದ ಮೇಲೆ ಅವನ ಪಕ್ಕ ಕೂರುತ್ತ. "ಆವು ಕಾಯ್ಕಂಡ್ ಕೂತಿರಾಕಿಲ್ಲ. ಗುರಾಣಿ ಎತ್ತಿ."

ಗದ್ದಲ ಕೇಳಿ ಪುಟ್ಟತಾಯಮ್ಮ ಒಳಗೆ ಬಂದಾಗ ಮಗ ಸೊಸೆ ಇಬ್ಬರೂ ಭುಜಕ್ಕೆ ಭುಜ ಒತ್ತಿ, "ಒಡೀರಿ, ಒಡೀರಿ" ಎಂದು ಕೂಗುತ್ತಿದ್ದರು. "ಯಾರ್‌ನ್ಲಾ ಒಡ್ಯಾದು?" ಎಂದು ಅವರು ಗಾಬರಿಯಿಂದ ಕೇಳಿದರು. ಹಾವು ಉರುಳಿತು.

ಇಬ್ಬರೂ ಫೋನು ಕೆಳಗಿಟ್ಟರು. ವಿರೂಪಾಕ್ಷನ ಮುಖ ಕೆಂಪಾಗಿತ್ತು.

"ಕದ್ದು ಕೇಳ್ತಿದ್ಯಾ ಇಷ್ಟ್ ದಿನವಾ?"

"ಕೇಳ್ದೆ. ಅದ್ ತಪ್ಪೇಯ, ಒಪ್ಕತೀನಿ. ಮಕ ಕಾಣ್ದಿರೋಳ್ಗೆ ಅಷ್ಟ್ ತಾಳ್ಮೆ ಇತ್ತಲ್ಲ ನಿಮ್ಗೆ, ನಂಗ್ಯಾಕ್ ಇಲ್ಲ?"

ಅವನು ಕಿಟಕಿಯಾಚೆ ನೋಡುತ್ತ ಹೇಳಿದ. "ಅಲ್ ಬಿದ್ರೆ ಬಾವಿ ತಾವ ಎದ್ ನಿಂತ್ಕತೀಯ. ನಾಲೇಗ್ ಬಿದ್ರೆ? ಅವತ್ ನಾಲೇಗ್ ನೀರ್ ಬುಟ್ಟಿದ್ದೋನೇ ನಾನು. ಎಷ್ಟ್ ಆಳ ಅಂತ ನಂಗ್ ಗೊತ್ತು. ಭಯ ಆಯ್ತು ಕಣೆ. ಬಾಯ್ಗ್ ಬರಾವತ್ಗೆ ಅದು ಬೈಗ್ಳ ಆಗ್ಬುಟ್ಟಿತ್ತು."

"ಭಯ ಆದ್ರೆ ಭಯ ಆಯ್ತದೆ ಅನ್ನಿ. ನಂಗ್ ಅರ್ಥ ಆಯ್ತದೆ."

"ತಪ್ಪಾಯ್ತು," ಎಂದ ಅವನು, ಅವಳ ಮುಖ ನೋಡಿಯೇ.

ಮುಂದಿನ ವಾರ ಶಾಲೆಯ ಮೈದಾನದಲ್ಲಿ ಕಲಿಕೆ ಶುರುವಾಯಿತು. ಮಂಗಳಾ ಒಮ್ಮೆ ಬಿದ್ದು ಮೊಣಕಾಲು ತರಚಿಕೊಂಡಳು. ಅವನು ಓಡಿಬಂದು "ಭಯ ಆಯ್ತು, ಭಯ ಆಯ್ತು" ಎಂದು ಮಂತ್ರದಂತೆ ಜಪಿಸಿದ್ದು ನೋಡಿ ಅವಳಿಗೆ ನೋವಿನಲ್ಲೂ ನಗು ಬಂತು. ತಿಂಗಳೊಳಗೆ ಅವಳು ವ್ಯಾನಿನ ಹಂಗಿಲ್ಲದೆ ಕೆಲಸಕ್ಕೆ ಹೋಗತೊಡಗಿದಳು.

ಮಾಯಾದುರ್ಗ ಮಾತ್ರ ಕೆಡುತ್ತ ಬಂತು. ಹೊಸ ಅಪ್‌ಡೇಟಿನಲ್ಲಿ ದುಡ್ಡು ಕೊಟ್ಟು ಮಾಯಾಕತ್ತಿಗಳನ್ನು ಕೊಂಡವರೇ ಗೆಲ್ಲುವಂತಾಯಿತು, ವೈದ್ಯೆಯ ಮದ್ದಿಗೆ ಬಲ ಸಾಲದಾಯಿತು. ಪಡೆಯಲ್ಲಿ ಅರ್ಧ ಜನ ಬಿಟ್ಟುಹೋದರು. ಗಂಡ ಹೆಂಡತಿಯೂ ವಾರಕ್ಕೊಮ್ಮೆ ಹೋಗಿ, ಜಲಪಾತದ ಬಳಿ ಕೂತು, ಹೊಸಬರು ಸಿಕ್ಕರೆ ಕಂಬಳಿ ಕೊಟ್ಟು ಬರುವಷ್ಟಕ್ಕೆ ನಿಂತರು. ಇಷ್ಟು ದಿನ ದನಿಯಷ್ಟೇ ಕೇಳಿದ್ದೇವೆ, ಒಮ್ಮೆ ಮುಖವನ್ನೂ ನೋಡೋಣ ಎಂದು ಮಂಗಳಾ ಪವಿತ್ರಾಳನ್ನೂ ಚೇತನ್‌ಕುಮಾರನನ್ನೂ ಊಟಕ್ಕೆ ಕರೆದಳು.

ಇಬ್ಬರೂ ತಾಲ್ಲೂಕು ಕೇಂದ್ರ ಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ಸೇರಿ ಬೀಚನಹಳ್ಳಿಗೆ ಬಂದರು. ಪವಿತ್ರಾ ದಾರಿಯುದ್ದಕ್ಕೂ ಮಾತಾಡಿ ಬಂದಿದ್ದಳು, ಬಂದ ಮೇಲೂ ನಿಲ್ಲಿಸಲಿಲ್ಲ. ದೈತ್ಯ ಮಾತ್ರ ಸಣಕಲು. ಮೊಬೈಲ್ ರಿಪೇರಿ ಅಂಗಡಿಯವನು, ಕನ್ನಡಕ, ಬಲು ಸಂಕೋಚ. ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತಿದ್ದ. ಊರಿನಿಂದ ಮತ್ತೆ ಬಂದಿದ್ದ ಪುಟ್ಟತಾಯಮ್ಮ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಇವ್ನೇನ್ಲಾ ವಿರೂಪಾಕ್ಸಿ, ರಾಕ್ಸಸ್ರ ಕಡ್ದಾಕಾದು?"

"ಊಂ ಕಣವ್ವ."

"ಅಯ್ಯೋ ಸಿವ್ನೆ! ಮಂಗ್ಳಾ, ಇವ್ನ್‌ಗೆ ಇನ್ನೊಂದ್ ಮುದ್ದೆ ಇಕ್ಕವ್ವ."

ಚೇತನ್‌ಕುಮಾರ ಬೇಡವೆಂದು ಎರಡೂ ಕೈ ಅಡ್ಡ ಹಿಡಿದ. ಮಂಗಳಾ ಇಕ್ಕಿಯೇ ಬಿಟ್ಟಳು.