ಒಂದೇ ಸಲ ಕೇಳಿದ್ದು

ಜ್ಯೋತಿಲಕ್ಷ್ಮಿಗೆ ಮೊದಲ ಬಾರಿ ಬಿಳಿ ಕೋಟು ಸಿಕ್ಕಿದ್ದು ಆ ಶನಿವಾರ ಬೆಳಿಗ್ಗೆ. ಪಿಲ್ಲಗುಂಪೆಯ ಮಾತ್ರೆ ಕಾರ್ಖಾನೆಯ ಲ್ಯಾಬಿಗೆ ಅವಳು ಸೇರಿ ಆರು ವರ್ಷವಾಗಿತ್ತು. ಅಲ್ಲಿ ಯಂತ್ರದ ಮುಂದೆ ಕೂರುವವರಿಗೆ ಬಿಳಿ ಕೋಟು. ಗಾಜಿನ ಸಾಮಾನು ತೊಳೆಯುವವರಿಗೆ, ಪುಡಿ ತೂಗಿಕೊಡುವವರಿಗೆ ನೀಲಿ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಅವಳದು ನೀಲಿ.

"ಹಾಕ್ಕೊಳಮ್ಮ, ಇವತ್ತು ನೀನೇ ಹೀರೋಯಿನ್ನು," ಎಂದರು ಮ್ಯಾನೇಜರ್ ಶ್ರೀಧರ್. ಕೋಟಿನ ಜೊತೆ ಟೈಪ್ ಮಾಡಿದ ಒಂದು ಹಾಳೆಯನ್ನೂ ಕೊಟ್ಟರು. ಸುತ್ತಲಿನ ಹಳ್ಳಿಗಳಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೆಯ ಅಂಕ ತೆಗೆದ ಹೆಣ್ಣುಮಕ್ಕಳನ್ನು ಕರೆಸಿ, ಲ್ಯಾಬ್ ತೋರಿಸಿ, ಸೈನ್ಸ್ ತೆಗೆದುಕೊಳ್ಳಿ ಎಂದು ಹುರಿದುಂಬಿಸುವ ಕಾರ್ಯಕ್ರಮ. ಹೇಳುವವರೂ ಹೆಂಗಸಾಗಿದ್ದರೆ ಚೆನ್ನ ಎಂದು ಮೇಲಿನವರು ಹೇಳಿದ್ದರಂತೆ.

ಬಂದ ಮೂವತ್ತು ಹುಡುಗಿಯರಲ್ಲಿ ಅವಳ ತಂಗಿ ಅಕ್ಷತಳೂ ಇದ್ದಳು. ವಿಜ್ಞಾನದಲ್ಲಿ ತೊಂಬತ್ತೆಂಟು. ಸೋಮವಾರ ಹೊಸಕೋಟೆಯ ಕಾಲೇಜಿಗೆ ಅರ್ಜಿ ಕೊಡಬೇಕಿತ್ತು. ಮನೆಯಲ್ಲಿ ಎಂಟು ದಿನದಿಂದ ಅದೇ ಮಾತು. ಕಾಮರ್ಸ್ ಆದರೆ ಮಧ್ಯಾಹ್ನಕ್ಕೆಲ್ಲ ಮನೆಗೆ ಬರುತ್ತಾಳೆ, ಸೈನ್ಸ್ ಆದರೆ ಪ್ರಾಕ್ಟಿಕಲ್ಲು ಅಂತ ಕತ್ತಲಾಗುತ್ತದೆ ಎಂದು ಅಮ್ಮ ಭಾಗ್ಯಮ್ಮ. ನನಗೇನು ಗೊತ್ತು, ಸೈನ್ಸ್ ಓದಿದವಳು ಜ್ಯೋತಿ, ಅವಳು ಹೇಳಿದ ಹಾಗೆ ಎಂದು ಅಪ್ಪ ಪಿಳ್ಳಪ್ಪ. ಇವತ್ತು ಲ್ಯಾಬ್ ನೋಡಿಕೊಂಡು ಬರಲಿ, ರಾತ್ರಿ ಊಟಕ್ಕೆ ಮುಂಚೆ ತೀರ್ಮಾನ ಮಾಡೋಣ ಅಂದಿದ್ದ.

ಒಳಗೆ ಬರುತ್ತಿದ್ದಂತೆಯೇ ಅಕ್ಷತ ಪಕ್ಕದವಳ ಪಕ್ಕೆಗೆ ತಿವಿದು, "ನೋಡೇ, ನಮ್ಮಕ್ಕ. ಸೈಂಟಿಸ್ಟು," ಎಂದಳು. ಊರಲ್ಲೆಲ್ಲ ಅವಳು ಹಾಗೆಯೇ ಹೇಳಿಕೊಂಡು ಬಂದಿದ್ದಳು. ಜ್ಯೋತಿ ಯಾವತ್ತೂ ಅಲ್ಲ ಅಂದಿರಲಿಲ್ಲ.

ಅವಳು ಹಾಳೆಯಲ್ಲಿದ್ದದ್ದನ್ನು ಓದಿದಳು. ವಿಜ್ಞಾನಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಧೈರ್ಯವಾಗಿ ಮುಂದೆ ಬನ್ನಿ. ಹುಡುಗಿಯರು ಚಪ್ಪಾಳೆ ತಟ್ಟಿದರು. ಆಮೇಲೆ ಯಂತ್ರದ ಬಳಿ ನಿಂತು, ಮಾತ್ರೆಯಲ್ಲಿ ಔಷಧ ಎಷ್ಟಿದೆ ಎಂದು ಇದು ಹೇಗೆ ಲೆಕ್ಕ ಹಾಕುತ್ತದೆ ಎಂಬುದನ್ನು ವಿವರಿಸಿದಳು. ಅದಕ್ಕೆ ಹಾಳೆ ಬೇಕಿರಲಿಲ್ಲ.

"ಅಕ್ಕ, ನೀನೇ ಒಂದು ಮಾತ್ರೆ ಹಾಕಿ ತೋರ್ಸು," ಎಂದಳು ಅಕ್ಷತ.

ಜ್ಯೋತಿಗೆ ಆ ಯಂತ್ರ ನಡೆಸಲು ಬರುತ್ತಿರಲಿಲ್ಲ. ಹಗಲೆಲ್ಲ ಅದಕ್ಕೆ ಬಿಡುವಿಲ್ಲ, ಹೊಸಬರು ಕಲಿಯುವುದೇನಿದ್ದರೂ ರಾತ್ರಿ ಪಾಳಿಯಲ್ಲಿ. ಹೆಂಗಸರಿಗೆ ಅಲ್ಲಿ ರಾತ್ರಿ ಪಾಳಿ ಕೊಡುತ್ತಿರಲಿಲ್ಲ. ಅವಳ ಬಳಿಯೇ ಪುಡಿ ತೂಗಲು ಕಲಿತ ಅನಿಲ್‌ಕುಮಾರ್ ಮೂರೇ ತಿಂಗಳಲ್ಲಿ ಬಿಳಿ ಕೋಟು ಹಾಕಿದ್ದ. ಅವಳು ಅವನ ಮುಖ ನೋಡಿದಳು.

"ನೀವು ಎಕ್ಸ್‌ಪ್ಲೇನ್ ಮಾಡಿ ಮೇಡಂ, ನಾನು ಹಾಕ್ತೀನಿ," ಎಂದ ಅನಿಲ್, ಮೆಲ್ಲಗೆ. ಒಳ್ಳೆಯ ಹುಡುಗ.

ಶ್ರೀಧರ್ ನಕ್ಕರು. "ಮೇಡಂ ಹೇಳೋದು, ನಮ್ಮುಡುಗ ಮಾಡೋದು. ಮನೇಲೂ ಹಂಗೇ ಅಲ್ವೇನ್ರಮ್ಮ?" ಹುಡುಗಿಯರೂ ಕಿಸಕ್ಕೆಂದರು. ಅಕ್ಷತ ನಗಲಿಲ್ಲ.

ಪರದೆಯ ಮೇಲೆ ಗೆರೆ ನಿಧಾನವಾಗಿ ಮೇಲೇರಿ ಇಳಿಯಿತು. ಯಾಕೆ ಏರಿತು ಎಂದು ಕೇಳಿದಳು ಅಕ್ಷತ. ಅನಿಲ್ ಹೇಳಿದ. "ಅದು ಸರಿ ಸಾರ್. ಆದ್ರೆ ಸೀದಾ ಮೇಲಕ್ಕೆ ಹೋಗ್ದೆ ಬೆಟ್ಟದ ಥರ ಯಾಕೆ ಹೋಯ್ತು?" ಅವನು ಮತ್ತೆ ಹೇಳಿದ. ಮೂರನೇ ಸಲವೂ ಅವಳು ಕೈ ಎತ್ತಿದಾಗ ಶ್ರೀಧರ್, "ಇವ್ಳು ಬಿಡೋ ಗಿರಾಕಿ ಅಲ್ಲಪ್ಪ. ಬನ್ರಮ್ಮ, ತಿಂಡಿ ಆರೋಗ್ತದೆ," ಎಂದು ಎಲ್ಲರನ್ನೂ ಹೊರಡಿಸಿದರು.

ಸಂಜೆ ಊರಿನ ಬಸ್ಸಿನಲ್ಲಿ ಅಕ್ಕತಂಗಿ ಒಂದೇ ಸೀಟಿನಲ್ಲಿ ಕೂತರು. ಅರ್ಧ ದಾರಿಯವರೆಗೆ ಅಕ್ಷತ ಕಿಟಕಿಯಾಚೆ ನೋಡುತ್ತಿದ್ದಳು.

"ನಿಂಗೆ ಆ ಮಿಷಿನ್ ಬರಲ್ಲ ಅಲ್ವಾ?"

"ಬರಲ್ಲ."

"ಮತ್ತೆ ಅಲ್ಲಿ ಏನ್ ಮಾಡ್ತೀಯ?"

ಜ್ಯೋತಿ ಹೇಳಿದಳು. ತೊಳೆಯುವುದು, ತೂಗುವುದು. ರಾತ್ರಿ ಪಾಳಿಯ ವಿಷಯವನ್ನೂ ಹೇಳಿದಳು. ಹೇಳಿ ಮುಗಿಸಲು ಎರಡು ನಿಮಿಷವೂ ಹಿಡಿಯಲಿಲ್ಲ.

"ಕೇಳ್ಲಿಲ್ವಾ ನೀನು, ನಂಗೂ ಕಲ್ಸಿ ಅಂತ?"

"ಕೇಳ್ದೆ. ರಾತ್ರಿ ಹತ್ತಕ್ಕೆ ನಿಮ್ಮೂರ ಕಡೆಯಿಂದ ಕರ್ಕೊಂಡು ಬರೋಕೆ ವ್ಯಾನಿಲ್ಲ ಅಂದ್ರು."

"ಎಷ್ಟು ಸಲ ಕೇಳ್ದೆ?"

"ಒಂದ್ಸಲ."

"ಆರು ವರ್ಷದಲ್ಲಿ?"

ಅಕ್ಷತ ಅಕ್ಕನ ಕಡೆ ಪೂರ್ತಿ ತಿರುಗಿದಳು. "ಅಪ್ಪ ದಿನಾ ರಾತ್ರಿ ಒಂಬತ್ತೂವರೆಗೆ ತರಕಾರಿ ಹಾಕ್ಕೊಂಡು ಮಾರ್ಕೆಟ್‌ಗೆ ಹೊರಡ್ತಾನಲ್ಲ. ಪಿಲ್ಲಗುಂಪೆ ಮೇಲೇ ಅಲ್ವಾ ಟೆಂಪೋ ಹೋಗೋದು? ಗೇಟ್ ಹತ್ರ ಇಳಿಸ್ತಿರ್ಲಿಲ್ವಾ?"

ಜ್ಯೋತಿ ಮುಂದಿನ ಸೀಟಿನ ಕಂಬಿ ಹಿಡಿದುಕೊಂಡಳು. ಆರು ವರ್ಷ ದಿನಾ ರಾತ್ರಿ ಅವಳು ಆ ಟೆಂಪೋಗೆ ಬೀನ್ಸಿನ ಮೂಟೆ ಎತ್ತಿ ಕೊಟ್ಟಿದ್ದಳು. ಹಿಂದಿನ ಬಾಗಿಲಿನ ಕೊಕ್ಕೆ ಹಾಕಿ, ಹೋಗಪ್ಪ ಎಂದು ಕೈಬೀಸಿದ್ದಳು. ವ್ಯಾನಿಲ್ಲ ಎಂದು ಒಬ್ಬರು ಅಂದಿದ್ದು ಸಾಕಾಗಿತ್ತು ಅವಳಿಗೆ. ಅಪ್ಪನಿಗೆ ಹೇಳಬೇಕು ಅನ್ನಿಸಿಯೇ ಇರಲಿಲ್ಲ. ಹೇಳಿದ್ದರೆ ಅಪ್ಪ ಒಪ್ಪುತ್ತಿದ್ದನೋ ಇಲ್ಲವೋ, ಅದೂ ಈಗ ಗೊತ್ತಾಗುವ ಹಾಗಿಲ್ಲ.

"ನಾನಾಗಿದ್ರೆ ದಿನಾ ಕೇಳ್ತಿದ್ದೆ," ಎಂದಳು ಅಕ್ಷತ. ಕೋಪದಿಂದಲ್ಲ, ಲೆಕ್ಕ ಹೇಳುವವಳ ಹಾಗೆ.

ಮನೆಯಲ್ಲಿ ಪಿಳ್ಳಪ್ಪ ಅರ್ಜಿಯನ್ನು ಜಗಲಿಯ ಮೇಲೆ ಇಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ತನ್ನ ಕನ್ನಡಕದ ಡಬ್ಬಿ ಇರಿಸಿದ್ದ. ಇಬ್ಬರೂ ಕೈಕಾಲು ತೊಳೆದು ಬಂದ ಮೇಲೆ ಕೇಳಿದ. "ಏನಮ್ಮ ಜ್ಯೋತಿ, ಏನ್ಮಾಡಣ ಇವಳ್ನ? ಸೈನ್ಸಾ, ಕಾಮರ್ಸಾ?"

ಅಮ್ಮ ಬಾಗಿಲಿಗೆ ಬಂದು ನಿಂತಳು. ಅಕ್ಷತ ಅಕ್ಕನನ್ನು ನೋಡುತ್ತಿದ್ದಳು. ಬಸ್ಸಿನಲ್ಲಿ ಅಷ್ಟೆಲ್ಲ ಕೇಳಿದ ಮೇಲೂ ಅವಳ ಮುಖದಲ್ಲಿ ಆಸೆ ಹಾಗೇ ಇತ್ತು. ಜ್ಯೋತಿಗೆ ಅದನ್ನೇ ನೋಡಲಾಗಲಿಲ್ಲ. ಈ ಮುಖ ಇನ್ನು ಎಂಟು ವರ್ಷಕ್ಕೆ ಯಾವುದೋ ಲ್ಯಾಬಿನಲ್ಲಿ ಗಾಜಿನ ಸಾಮಾನು ತೊಳೆಯುವ ತೊಟ್ಟಿಯ ಮುಂದೆ ನಿಲ್ಲುತ್ತದೆ. ಮೊದಲು ದಿನಾ ಕೇಳುತ್ತದೆ, ಆಮೇಲೆ ವಾರಕ್ಕೊಮ್ಮೆ. ಹಾಗಾಗುವುದಿಲ್ಲ ಎನ್ನಲು ಅವಳಿಗೆ ಹಾಳೆಯಲ್ಲಿದ್ದ ಮಾತುಗಳು ಬಿಟ್ಟರೆ ಬೇರೇನೂ ಸಿಗಲಿಲ್ಲ. ಅದನ್ನು ಇನ್ನೊಂದು ಸಲ ಓದುವ ಶಕ್ತಿ ಇರಲಿಲ್ಲ.

"ಕಾಮರ್ಸೇ ಇರ್ಲಿ ಅಪ್ಪ," ಎಂದಳು.

"ಅಕ್ಕ," ಎಂದಳು ಅಕ್ಷತ.

ಪಿಳ್ಳಪ್ಪನಿಗೂ ಆಶ್ಚರ್ಯವಾದಂತಿತ್ತು. "ಯಾಕಮ್ಮ? ನಾನು ಹಿಂದ್ ಮುಂದ್ ನೋಡಿದ್ರೂ ನೀನು ಸೈನ್ಸೇ ಅಂತೀಯ ಅಂದ್ಕೊಂಡಿದ್ದೆ."

"ಬೇಡಪ್ಪ."

"ಅಪ್ಪ, ನಂಗೆ ಸೈನ್ಸ್ ಬೇಕು," ಎಂದಳು ಅಕ್ಷತ. ಅಪ್ಪ ಅವಳ ಕಡೆ ನೋಡಿದ. "ಅಪ್ಪ, ಸೈನ್ಸ್." ಮೂರನೇ ಸಲ ಹೇಳುವಾಗ ಅವಳ ದನಿ ಒಡೆದಿತ್ತು.

"ಓದಿದೋಳೇ ಬೇಡ ಅಂದ್ಮೇಲೆ ನಾನ್ಯಾವ ಧೈರ್ಯದ ಮೇಲೆ ಸೇರಿಸ್ಲಿ ಮಗ? ಅವಳು ನಿನ್ ಕೆಟ್ಟದ್ ಬಯಸ್ತಾಳಾ?" ಪಿಳ್ಳಪ್ಪ ಪೆನ್ನನ್ನು ಜ್ಯೋತಿಯ ಕೈಗೆ ಕೊಟ್ಟ. "ನಿನ್ ಅಕ್ಷರ ದುಂಡಗಿದೆ. ನೀನೇ ತುಂಬು."

ಅವಳು ತುಂಬಿದಳು. ಹೆಸರು, ತಂದೆಯ ಹೆಸರು, ಊರು, ಅಂಕ. ಯಾವ ವಿಭಾಗ ಎಂದಿದ್ದಲ್ಲಿ ವಾಣಿಜ್ಯ ಎಂದು ಬರೆದಳು. ಎಲ್ಲೂ ಚಿತ್ತಾಗಲಿಲ್ಲ. ಅರ್ಜಿಯನ್ನು ತಂಗಿಯ ಕಡೆ ತಿರುಗಿಸಿ, ಸಹಿ ಮಾಡಬೇಕಾದ ಜಾಗಕ್ಕೆ ಬೆರಳಿಟ್ಟಳು.

ಅಕ್ಷತ ಓದದೆಯೇ ಸಹಿ ಮಾಡಿದಳು. ಲಂಗಕ್ಕೆ ಕೈ ಒರೆಸಿಕೊಂಡು ಎದ್ದು, "ಇನ್ನೂ ಎಷ್ಟು ಮೂಟೆ ಕಟ್ಬೇಕಪ್ಪ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಟೆಂಪೋ ನಿಂತಿದ್ದ ಕಡೆ ಹೋದಳು.