ಎದುರುಬದುರು ಕೂರಬಾರದವರು

೧

ಒಂದು ಮರದ ಹಲಗೆ. ನಾಲ್ಕು ಸಾಲು, ಸಾಲಿಗೆ ಎಂಟರಂತೆ ಮೂವತ್ತೆರಡು ಕುಳಿಗಳು. ಅಂಚಿನ ಕುಳಿಗಳು ಇನ್ನೂ ಒರಟು; ನಡುವಿನವು ಮೂರು ತಲೆಮಾರಿನ ಬೆರಳು ತಾಗಿ ನುಣುಪಾಗಿವೆ. ಒಂದು ಮೂಲೆ ಬಿರುಕು ಬಿಟ್ಟಿದೆ. ಯಾರೋ ತಾಮ್ರದ ತಗಡು ಬಡಿದು ಅದನ್ನು ಕೂಡಿಸಿದ್ದಾರೆ. ಕುಳಿಗಳಲ್ಲಿ ಬೂದುಬಣ್ಣದ ಗಜ್ಜುಗದ ಕಾಯಿಗಳು. ಕೆಲವುಗಳಲ್ಲಿ ಎರಡು, ಕೆಲವುಗಳಲ್ಲಿ ಐದು, ಒಂದರಲ್ಲಿ ಏನೂ ಇಲ್ಲ. ಹಲಗೆಯ ಕೆಳಗೆ ಪ್ಲಾಸ್ಟಿಕ್ ಚಾಪೆ. ಚಾಪೆಯ ಮೇಲೆ ಕಿಟಕಿಯ ಸರಳುಗಳ ನೆರಳು, ಅಲ್ಲಾಡದೆ. ಏಸಿ ಆರಿಸಿದ ಕೋಣೆ. ಯಾರೂ ಇಲ್ಲ.

ಹೀಗೆ ಆರಂಭಿಸಬಹುದೇ? ಯಾರೂ ಇಲ್ಲದ ಕೋಣೆಯಿಂದ ಶುರುಮಾಡುವುದು ನನ್ನ ಕಾಲದವರ ಚಟ. ಕವಿತೆಯಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಬರಿದಾದ ಆ ಒಂದು ಕುಳಿಯನ್ನು ನಿಮ್ಮ ಪಾಲಿಗೆ ಬಿಟ್ಟು, ನಾನು ಕಾಫಿ ಕುಡಿಯಲು ಹೋಗುತ್ತಿದ್ದೆ. ಕತೆಗೆ ಆ ಸೌಕರ್ಯವಿಲ್ಲ. ಕತೆಯಲ್ಲಿ ಯಾರಾದರೂ ಬಂದು ಕೂರಲೇಬೇಕು. ಇಲ್ಲಿ ಯಾರು ಬಂದು ಕೂರುತ್ತಾರೆ ಎಂಬುದೇ ಭಯ.

೨

ಒಮಾನಿನ ಸುವೈಕ್ ಪೇಟೆಯ ಹಿಂಬದಿಯ ಎರಡಂತಸ್ತಿನ ಮನೆಯಲ್ಲಿ, ಮೇಲಿನ ಅಂತಸ್ತಿಗೆ ಬಾಡಿಗೆ ಇರುವವಳು ಮೋಹಿನಿ. ಉಡುಪಿ ಕಡೆಯವಳು, ಮನೆಮಾತು ತುಳು, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನಲ್ಲಿ ರಿಸೆಪ್ಷನಿಸ್ಟ್. ಬೆಳಿಗ್ಗೆ ಒಂಬತ್ತರಿಂದ ಒಂದು, ಮತ್ತೆ ಸಂಜೆ ನಾಲ್ಕರಿಂದ ಎಂಟು. ಗಂಡ ಅಂಗಾರ ದೂರದ ಇಬ್ರಿ ಎಂಬ ಊರಿನಲ್ಲಿ ಕಂಪನಿಯೊಂದರ ಸ್ಟೋರ್ ನೋಡಿಕೊಳ್ಳುತ್ತಾನೆ, ಹದಿನೈದು ದಿನಕ್ಕೊಮ್ಮೆ ಬರುತ್ತಾನೆ. ಇಬ್ಬರು ಹೆಣ್ಣುಮಕ್ಕಳು: ನಿಶ್ಮಿತಾ, ಹದಿಮೂರು, ಪ್ರಾಪ್ತಿ, ಒಂಬತ್ತು.

ಪ್ರಾಪ್ತಿಯ ಕಣ್ಣಿಗೆ ಕಾಗದದ ಮೇಲಿನ ಅಂಕಿಗಳು ನಿಲ್ಲುವುದಿಲ್ಲ. ಏಳರ ಪಕ್ಕದಲ್ಲಿ ಐದನ್ನು ಕಂಡರೆ ಅವಳ ಅಂಗೈ ಬೆವರುತ್ತದೆ. ಗಣಿತದಲ್ಲಿ ಎರಡು ಸಲ ಫೇಲಾಗಿದ್ದಾಳೆ. ಇಲ್ಲಿ ಶಾಲೆಯ ವಾರ ಶುರುವಾಗುವುದೇ ಭಾನುವಾರ; ಆವತ್ತು ಮೂರನೆಯ ಪರೀಕ್ಷೆ, ಅದೇ ಕೊನೆಯದು.

“ಆಗ್ಲಿಲ್ಲ ಅಂದ್ರೆ ಊರಿಗೆ ಕಳಿಸುವ ಮಾರಾಯ್ತಿ, ಹಾಸ್ಟೆಲ್ ಉಂಟಲ್ಲ,” ಎಂದ ಅಂಗಾರ ಫೋನಿನಲ್ಲಿ.

“ಒಬ್ಳನ್ನೇ?”

“ಮತ್ತೆಂತ, ದೊಡ್ಡವಳ ವರ್ಷ ಹಾಳು ಮಾಡ್ಲಿಕ್ಕಾಗ್ತದಾ?”

(ಒಬ್ಬಳನ್ನೇ. ಕತೆಯ ಮೊದಲ ಭಯ ಇದು. ಎರಡನೆಯದು ಬರುವವರೆಗೆ ಇದನ್ನು ಮಡಿಲಲ್ಲಿಟ್ಟುಕೊಂಡಿರಿ.)

೩

ಕೆಳಗಿನ ಅಂತಸ್ತಿನಲ್ಲಿ ಮನೆಯೊಡತಿ ಝುವೇನಾ. ಮಕ್ಕಳಿಗೆ ಬೀಬಿ, ಎಂದರೆ ಅಜ್ಜಿ. ಒಮಾನಿನವರೇ, ಆದರೆ ಹುಟ್ಟಿದ್ದು ಆಫ್ರಿಕಾದ ಕರಾವಳಿಯ ಜಾಂಜಿಬಾರ್ ದ್ವೀಪದಲ್ಲಿ. ಹದಿಹರೆಯದಲ್ಲಿ ಹಡಗು ಹತ್ತಿ ಈ ದಡಕ್ಕೆ ಬಂದರು. ಅರಬ್ಬಿಯನ್ನು ದೇವರೊಂದಿಗೂ ಸರಕಾರದೊಂದಿಗೂ, ಸ್ವಾಹಿಲಿಯನ್ನು ತಮ್ಮೊಂದಿಗೇ, ಹಿಂದಿಯನ್ನು ಬಾಡಿಗೆದಾರರೊಂದಿಗೆ ಆಡುತ್ತಾರೆ. ಆ ಹಲಗೆ ಅವರ ಅಜ್ಜನದು. ಅಲ್ಲಿಯವರು ಅದನ್ನು ಬಾವೋ ಎನ್ನುತ್ತಾರೆ.

ಮೋಹಿನಿ ಸಂಜೆಯ ಕೆಲಸಕ್ಕೆ ಹೊರಟಾಗ ಮಕ್ಕಳು ಕೆಳಗಿಳಿಯುತ್ತಿದ್ದರು. ಮೂರು ತಿಂಗಳು ಬೀಬಿ ಪ್ರಾಪ್ತಿಗೆ ಒಂದೇ ಒಂದು ಅಂಕಿಯ ಹೆಸರು ಹೇಳಲಿಲ್ಲ. ಕುಳಿಯಿಂದ ಕಾಯಿಗಳನ್ನು ಬಾಚಿ ಅವಳ ಕೈಗಿಟ್ಟು, “ಯಲ್ಲಾ, ನಡಿ, ಒಂದೊಂದೇ ಬಿತ್ತು,” ಎನ್ನುತ್ತಿದ್ದರು. ಕುಳಿಗೊಂದರಂತೆ ಬಿತ್ತುತ್ತ ಹೋಗಬೇಕು; ಕೊನೆಯ ಕಾಯಿ ಎಲ್ಲಿ ಬೀಳುತ್ತದೆಂದು ಕೈ ಎತ್ತುವ ಮೊದಲೇ ಕಾಣಬೇಕು. ಪಕ್ಕದಲ್ಲಿ ಕುಳಿತು ನಿಶ್ಮಿತಾ ಮೊಬೈಲಿನಿಂದ ಒಂದು ಕಣ್ಣು ಕಿತ್ತು ನೋಡುತ್ತಿದ್ದಳು. ಮೂರನೆಯ ತಿಂಗಳು ಪ್ರಾಪ್ತಿ ಹದಿಮೂರು ಕಾಯಿಗಳ ಕೊನೆಯ ನೆಲೆಗೆ ಕಣ್ಣು ನೆಟ್ಟು ಆಮೇಲೆ ಕೈಯೆತ್ತಿದಳು. ಶಾಲೆಯ ಕಾಗದ ಆಗಲೂ ಖಾಲಿಯೇ.

“ನನ್ನ ಅಜ್ಜನಿಗೆ ಸಹಿ ಹಾಕಲು ಬರುತ್ತಿರಲಿಲ್ಲ,” ಎಂದರು ಬೀಬಿ ಒಮ್ಮೆ. “ಅರವತ್ತನಾಲ್ಕು ಕಾಯಿ ಎಲ್ಲೆಲ್ಲಿವೆ ಎಂದು ಕಣ್ಣುಮುಚ್ಚಿ ಹೇಳುತ್ತಿದ್ದ. ಶಾಲೆ ತೆರೆಯಲು ಬಂದ ಬಿಳಿಯ ಸಾಹೇಬ ಪುಸ್ತಕದಲ್ಲಿ ಬರೆದುಕೊಂಡ, ಇವರಿಗೆ ಲೆಕ್ಕ ಗೊತ್ತಿಲ್ಲ ಅಂತ.”

“ಅಜ್ಜ ಏನು ಹೇಳಿದ್ರು?”

“ಸಾಹೇಬನಿಗೆ ಚಹಾ ಕೊಟ್ಟ. ಆಮೇಲೆ ಆಟಕ್ಕೆ ಕರೆದ. ಸಾಹೇಬ ಕೂರಲಿಲ್ಲ.”

೪ (ಹರಿದದ್ದು)

ಇಲ್ಲಿ ಆಫ್ರಿಕಾದ ದೇಶೀಯ ಜ್ಞಾನ, ಶಿಕ್ಷಣ ಮತ್ತು ಅಭಿವೃದ್ಧಿಯ ಕುರಿತು ಎರಡು ಪುಟ ಬರೆದಿದ್ದೆ. ಅಡಿಟಿಪ್ಪಣಿಗಳೂ ಇದ್ದವು. ಓದಿ ಹೇಳಿದ್ದರೆ ಬೀಬಿ ನನಗೂ ಚಹಾ ಕೊಟ್ಟಿರುತ್ತಿದ್ದರು.

೫

ಮೋಹಿನಿ ಹಲಗೆಯನ್ನು ಟವೆಲಿನಲ್ಲಿ ಸುತ್ತಿ ಶಾಲೆಗೆ ಒಯ್ದಳು. ಗಣಿತ ವಿಭಾಗದ ಹೇಝಲ್ ಟೀಚರ್ ಅದನ್ನು ಮೇಜಿನ ಮೇಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು.

“ಬೋರ್ಡ್ ಭಾರೀ ಚೆಂದ ಉಂಟು ಮೋಹಿನಿಯವ್ರೆ. ನಮ್ಮ ಇಂಡಿಜಿನಸ್ ನಾಲೆಡ್ಜ್ ಕಾರ್ನರ್‌ಗೆ ಕೊಡಿ. ಗ್ಲಾಸ್ ಹಾಕಿಸ್ತೇವೆ, ಯಾರೂ ಮುಟ್ಟುದಿಲ್ಲ.”

“ಮುಟ್ಟದಿದ್ರೆ ಅದು ಬರೀ ಮರ ಟೀಚರ್. ಪ್ರಾಪ್ತಿಗೆ ಲೆಕ್ಕ ಬರುದು ಅದ್ರಲ್ಲೇ. ಪರೀಕ್ಷೆಯನ್ನೂ ಅದ್ರಲ್ಲೇ ಮಾಡಿ.”

“ಸಿಲೆಬಸ್‌ನಲ್ಲಿ ಹಾಗೆ ಇಲ್ಲ.”

“ಗ್ಲಾಸಿನೊಳಗೆ ಇಡ್ಲಿಕ್ಕೆ ಸಿಲೆಬಸ್‌ನಲ್ಲಿ ಉಂಟಾ?”

(ಹೇಝಲ್ ಟೀಚರನ್ನು ಖಳನಾಯಕಿಯಾಗಿಸುವ ಆಸೆ ನನಗಿತ್ತು. ಕತೆಗೆ ಅನುಕೂಲವಿತ್ತು. ಅವರು ಒಪ್ಪಲಿಲ್ಲ; ಪೆನ್ನಿನ ಮುಚ್ಚಳವನ್ನು ತೆಗೆದು, ಹಾಕಿ, ಮತ್ತೆ ತೆಗೆದು ಯೋಚಿಸತೊಡಗಿದರು. ಯೋಚಿಸುವ ಪಾತ್ರಗಳಿಂದ ಲೇಖಕನಿಗೆ ಯಾವತ್ತೂ ತೊಂದರೆ.)

“ಭಾನುವಾರ ಇದನ್ನು ತನ್ನಿ,” ಎಂದರು ಕಡೆಗೆ. “ಬೇರೆ ಮಗುವಿನ ಎದುರು ಕೂರಿಸ್ತೇನೆ. ಕಾಯಿ ಬಿತ್ತುವ ಮೊದ್ಲು ಎಷ್ಟು ಉಂಟು, ಎಲ್ಲಿ ಮುಗೀತದೆ ಅಂತ ಬಾಯಿಬಿಟ್ಟು ಹೇಳ್ಬೇಕು. ಹೇಳಿದ್ರೆ ಸೈನ್ ಮಾಡ್ತೇನೆ. ಪ್ರಿನ್ಸಿಪಾಲರಿಗೆ ನಾನೇ ಉತ್ತರ ಕೊಡ್ತೇನೆ.”

ಬಾಯಿಬಿಟ್ಟು. ಬೇರೆ ಮಗುವಿನ ಎದುರು. ಪ್ರಾಪ್ತಿ ಈವರೆಗೆ ಬೀಬಿಯೊಬ್ಬರ ಎದುರಲ್ಲದೆ ಬೇರೆ ಯಾರೆದುರೂ ಕುಳಿತವಳಲ್ಲ, ಅದೂ ತುಟಿ ಬಿಚ್ಚದೆ. ಆ ಗುರುವಾರವೇ ಬೀಬಿಯ ಮಗ ಬಂದು, ಕಣ್ಣಿನ ಆಪರೇಷನ್ನಿಗೆಂದು ತಾಯಿಯನ್ನು ರಾಜಧಾನಿಯ ಖುರುಮ್ ಬಡಾವಣೆಯ ತನ್ನ ಮನೆಗೆ ಕರೆದೊಯ್ಯಲು ನಿಂತ. ಕಾರು ಹತ್ತುವ ಮೊದಲು ಬೀಬಿ ಹೇಳಿದರು:

“ಅಭ್ಯಾಸಕ್ಕೆ ಅಕ್ಕನ ಎದುರು ಕೂರಿಸು. ಅವಳಿಗೆ ಆಟ ಗೊತ್ತು. ಬೇರೆಯವರಿಗೆ ಕಲಿಸಲು ಮೂರು ತಿಂಗಳು ಬೇಕು.”

ಮೋಹಿನಿ ಕಾರಿನ ಬಾಗಿಲು ಹಾಕಲು ಬಿಡಲಿಲ್ಲ.

೬

ಏಕೆಂದರೆ ಅವಳ ಊರಿನಲ್ಲೂ ಇಂಥದೊಂದಿದೆ. ಚೆನ್ನೆಮಣೆ: ಎರಡು ಸಾಲು, ಹದಿನಾಲ್ಕು ಕುಳಿ, ಕೆಂಪು ಮಂಜೊಟ್ಟಿ ಕಾಯಿ. ಜಡಿಮಳೆಯ ಆಟಿ ತಿಂಗಳಲ್ಲಿ ಆಡುವುದು, ಮುಗಿದ ಮೇಲೆ ಕಟ್ಟಿ ಅಟ್ಟಕ್ಕಿಡುವುದು. ಅಮ್ಮ ಮಗಳು ಆಡಬಹುದು, ಅತ್ತೆ ಸೊಸೆ ಆಡಬಹುದು. ಅಕ್ಕತಂಗಿಯರು ಮಾತ್ರ ಎದುರುಬದುರು ಕೂರಬಾರದು. ಯಾಕೆಂದು ಕೇಳಿದಾಗ ಮೋಹಿನಿಯ ಅಜ್ಜಿ ದನಿ ತಗ್ಗಿಸಿ ಒಂದೇ ಮಾತು ಹೇಳಿದ್ದರು: ಎಂದೋ ಇಬ್ಬರು ಕುಳಿತಿದ್ದರು, ಒಬ್ಬಳು ಎದ್ದಳು.

ಮೋಹಿನಿ ಇದನ್ನು ಮಕ್ಕಳಿಗೆ ಹೇಳಿಲ್ಲ. ಆದರೆ ಹೋದ ವಾರ ನಿಶ್ಮಿತಾ, “ಯು ಆರ್ ಎ ಝೀರೋ, ಲಿಟರಲಿ,” ಎಂದಾಗ ಪ್ರಾಪ್ತಿ ಎಸೆದ ಸ್ಟೀಲ್ ಬಾಟ್ಲಿ ಅಕ್ಕನ ಕಪಾಲದಿಂದ ಎರಡು ಬೆರಳು ಆಚೆ ಗೋಡೆಗೆ ಬಡಿದಿತ್ತು. ಗೋಡೆಯಲ್ಲಿ ತಗ್ಗು ಬಿದ್ದಿದೆ. ಹಲಗೆಯ ತೂಕ ಬಾಟ್ಲಿಯ ಹತ್ತರಷ್ಟು.

ಕಾರಿನ ಪಕ್ಕ ನಿಂತು ಅವಳು ಬೀಬಿಗೆ ಎಲ್ಲವನ್ನೂ ಹೇಳಿದಳು. ಬೀಬಿ ನಗಲಿಲ್ಲ.

“ನಮ್ಮಲ್ಲಿ ತಿರುಗಾಮುರುಗಾ. ಜಗಳವಾಡಿದ ಒಡಹುಟ್ಟಿದವರನ್ನೇ ಹಿಡಿದು ತಂದು ಇದರ ಮುಂದೆ ಕೂರಿಸುತ್ತಿದ್ದರು. ಸಿಟ್ಟು ಕುಳಿಗೊಂದೊಂದಾಗಿ ಇಳಿದು ಹೋಗುತ್ತದೆ ಅಂತ.”

“ಇಳಿಯದಿದ್ರೆ?”

ಬೀಬಿ ಸುಳ್ಳು ಹೇಳುವವರಲ್ಲ. “ಒಂದು ಸಲ ಇಳಿಯಲಿಲ್ಲ,” ಎಂದರು. ಮಗ ಹಾರ್ನ್ ಹಾಕಿದ. ಮೋಹಿನಿಯ ಕಣ್ಣು ತನ್ನ ಕಂಕುಳಲ್ಲಿದ್ದ ಹಲಗೆಯ ಮೂಲೆಯ ತಾಮ್ರದ ತಗಡಿನ ಮೇಲೆ ನಿಂತಿತು.

(ಓದುಗರೇ, ನೀವು ವಿದ್ಯಾವಂತರು. ಬೀಬಿಯ ಮಾತನ್ನು ಜ್ಞಾನವೆಂದೂ ಮೋಹಿನಿಯ ಅಜ್ಜಿಯ ಮಾತನ್ನು ಮೂಢನಂಬಿಕೆಯೆಂದೂ ಆಗಲೇ ಬೇರೆಬೇರೆ ಡಬ್ಬಿಗೆ ಹಾಕಿರುತ್ತೀರಿ. ನನಗೆ ಆ ಧೈರ್ಯವಿಲ್ಲ. ಮಕ್ಕಳ ಕೈಯಲ್ಲಿ ಸಿಟ್ಟು ಏನು ಮಾಡಬಲ್ಲದೆಂದು ಇಬ್ಬರೂ ಅಜ್ಜಿಯರಿಗೆ ಗೊತ್ತಿತ್ತು.)

೭ (ಕರಡುಗಳು)

ಮೊದಲ ಕರಡಿನಲ್ಲಿ ಮೋಹಿನಿಗೊಬ್ಬ ತಂಗಿಯಿದ್ದಳು, ಆಟಿಯ ಒಂದು ಮಧ್ಯಾಹ್ನ…

“ನಂಗೆ ತಂಗಿ ಇಲ್ಲ,” ಎಂದಳು ಮೋಹಿನಿ. “ಕೊಲ್ಲಲಿಕ್ಕೆ ಬೇಕಾಗಿ ಹುಟ್ಟಿಸ್ಬೇಡಿ.”

“ಭಯಕ್ಕೊಂದು ಹಿನ್ನೆಲೆ ಬೇಕಲ್ಲ.”

“ಎರಡು ಮಕ್ಕಳಿದ್ದಾರೆ. ಸಾಲದಾ ನಿಮ್ಗೆ?”

ಸಾಕು. ನೇರವಾಗಿ ಅಂತ್ಯಕ್ಕೇ ಹೋದೆ. ಒಂದು: ಭಾನುವಾರ ಪ್ರಾಪ್ತಿ ಪಾಸಾಗುತ್ತಾಳೆ, ಪ್ರಿನ್ಸಿಪಾಲರು ಚಪ್ಪಾಳೆ ತಟ್ಟುತ್ತಾರೆ, ಪ್ರತಿ ತರಗತಿಗೂ ಒಂದೊಂದು ಹಲಗೆ ಬರುತ್ತದೆ.

“ಇದು ಶಾಲೆಯ ಬ್ರೋಶರ್ ಮಾರಾಯ್ರೆ.”

ಎರಡು: ಬೀಬಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ಟ್ಯಾಕ್ಸಿ ಹಿಡಿದು ವಾಪಸು ಬರುತ್ತಾರೆ.

“ಆಪರೇಷನ್ ಆದವ್ರನ್ನು ರೋಡಿನಲ್ಲಿ ಕುಣಿಸ್ತೀರಾ? ಪಾಪ ಅಲ್ವಾ ಅವ್ರು?”

ಮೂರನೆಯದನ್ನು ಅವಳಿಗೆ ತೋರಿಸಲಿಲ್ಲ. ಅದು ಒಂದೇ ಸಾಲು. ಎಂಟು ಗಂಟೆಗೆ ಅವಳು ಮೆಟ್ಟಿಲು ಹತ್ತಿ ಬರುತ್ತಾಳೆ, ದೀಪ ಉರಿಯುತ್ತಿದೆ, ಚಾಪೆಯ ಪಕ್ಕದಲ್ಲಿ ಒಬ್ಬಳು ನಿಂತಿದ್ದಾಳೆ. ಹಲವು ವರ್ಷಗಳಲ್ಲಿ ನಾನು ಬರೆದ ಅತ್ಯುತ್ತಮ ವಾಕ್ಯ ಅದು. ಲಯ ತಾನಾಗಿ ಕೂಡಿಬಂದಿತ್ತು. ಕೊನೆಯ ಸಾಲು ಇರಿಯಬೇಕೆಂದು ನಂಬಿ ಮುದುಕನಾದವನು ನಾನು. ಈ ಸಾಲು ಇಷ್ಟು ಚೆನ್ನಾಗಿ ಬಂದದ್ದೇ ನನ್ನನ್ನು ಹೆದರಿಸಿತು. ಅಳಿಸಿದೆ. ಅಳಿಸಿದರೂ ಅದು ನನಗೆ ಬಾಯಿಪಾಠವಾಗಿದೆ.

೮

ಶನಿವಾರ, ಮೂರೂವರೆ. ಮೋಹಿನಿ ಯೂನಿಫಾರ್ಮ್ ತೊಟ್ಟು, ತಾನೇ ಪ್ರಾಪ್ತಿಯ ಎದುರು ಕುಳಿತಿದ್ದಾಳೆ.

“ಹೇಳು ಮಗಾ. ಎಷ್ಟು ಉಂಟು ಕೈಯಲ್ಲಿ?”

ಪ್ರಾಪ್ತಿ ಎಣಿಕೆ ಹೇಳದೆ ಬಿತ್ತಿದಳು. ಮೋಹಿನಿ ಬೇಕೆಂದೇ ತಪ್ಪು ಕುಳಿಯಿಂದ ಎತ್ತಿದಳು.

“ಅಮ್ಮಾ, ಯು ಆರ್ ಲೆಟ್ಟಿಂಗ್ ಮಿ ವಿನ್,” ಎಂದು ಪ್ರಾಪ್ತಿ ಕಾಯಿಗಳನ್ನು ಕೆಳಗಿಟ್ಟಳು. “ನಾಳೆ ಯಾರೂ ಲೆಟ್ ಮಾಡುದಿಲ್ಲ.”

ಒಳಕೋಣೆಯ ಬಾಗಿಲಿಗೆ ಒರಗಿ ನಿಂತಿದ್ದ ನಿಶ್ಮಿತಾ, “ಅಮ್ಮ ನೈನ್ ಇದ್ದ ಕುಳಿಯಿಂದ ಎತ್ತಬೇಕಿತ್ತು. ಈವನ್ ಐ ಕೆನ್ ಸೀ ಇಟ್,” ಎಂದಳು.

“ಮತ್ತೆ ನೀನೇ ಬಾ,” ಎಂದಳು ತಂಗಿ.

ನಿಶ್ಮಿತಾ ತಾಯಿಯ ಮುಖ ನೋಡಿದಳು. ಮೋಹಿನಿಗೆ ಕಂಡದ್ದು ಎರಡೇ ದಾರಿ. ಒಂದು ಕಡೆ ಹಾಸ್ಟೆಲಿನ ಮಂಚದಲ್ಲಿ ಗೋಡೆಗೆ ಮುಖಮಾಡಿ ಮಲಗಿದ ಒಬ್ಬಳು; ಇನ್ನೊಂದು ಕಡೆ ಅಜ್ಜಿಯ ಆ ಒಂದು ಮಾತು. ಯಾವ ದಾರಿಯಲ್ಲಿ ಹೋದರೂ ಇಬ್ಬರಲ್ಲಿ ಒಬ್ಬಳೇ ಉಳಿಯುವ ಲೆಕ್ಕ. ಹಲಗೆಯ ಮೂಲೆಯ ತಗಡನ್ನು ಅವಳು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆಮೇಲೆ ಎದ್ದು, ತಾನು ಕುಳಿತಿದ್ದ ಜಾಗವನ್ನು ಕೈಯಿಂದ ಒರೆಸಿದಳು.

“ಕೂತ್ಕೊ,” ಎಂದಳು.

ನಿಶ್ಮಿತಾ ಕೂತಳು. ಮೊಣಕಾಲಿಗೆ ಮೊಣಕಾಲು ತಾಗಿತು. ಇಬ್ಬರೂ ಹಿಂದೆ ಎಳೆದುಕೊಂಡರು. ಪ್ರಾಪ್ತಿ ಕಾಯಿಗಳನ್ನು ಬಾಚಿ ಮುಷ್ಟಿ ಕಟ್ಟಿದಳು.

“ಅಮ್ಮನನ್ನು ನೋಡ್ಬೇಡ, ನನ್ನನ್ನು ನೋಡು,” ಎಂದಳು ಅಕ್ಕ.

ಅದು ಪ್ರೀತಿಯೋ ಸವಾಲೋ ನನಗೆ ತಿಳಿಯಲಿಲ್ಲ. (ಬರೆದವನು ನಾನೇ. ಆದರೂ.)

ನಾಲ್ಕಕ್ಕೆ ಹತ್ತು ನಿಮಿಷ. ಮೋಹಿನಿ ಬ್ಯಾಗು ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿದಳು.

“ನೀನು ಹೋಗು,” ಎಂದೆ. “ನಾನು ಇಲ್ಲೇ ಇದ್ದು ನೋಡಿಕೊಳ್ಳುತ್ತೇನೆ.”

ಅವಳು ತಿರುಗಿ ನೋಡಿದಳು.

“ನೀವು ಇಲ್ಲಿ ಇರುದೇ ನಂಗೆ ಹೆದರಿಕೆ. ಅಳಿಸಿದ್ದು ಗೊತ್ತುಂಟು ನಂಗೆ.”

“ಯಾರಾದರೂ ಇರಬೇಕಲ್ಲ ಮೋಹಿನಿ. ಓದುಗರಿಗೆ ಮುಂದೇನಾಯಿತೆಂದು…”

“ಆ ಹಳೇ ಕತೆ ಈ ಮನೆಯಲ್ಲಿ ಯಾರಿಗೆಲ್ಲ ಗೊತ್ತುಂಟು ಹೇಳಿ. ನಂಗೆ, ನಿಮ್ಗೆ. ಅವ್ರಿಬ್ರಿಗೆ ಗೊತ್ತಿಲ್ಲ. ಗೊತ್ತಿರುವವ್ರು ಹೊರಗೆ ಹೋಗುವ.”

ಅವಳು ನನ್ನ ರಟ್ಟೆ ಹಿಡಿದಳು. ಹೊಸ್ತಿಲ ಮೇಲೆ ನಾನು ಒಮ್ಮೆ ಹಿಂದಿರುಗಿ ನೋಡಲು ಯತ್ನಿಸಿದೆ. ಒಳಗೆ ಪ್ರಾಪ್ತಿ ಉಸಿರೆಳೆದು, ಏನನ್ನೋ ಹೇಳಲು ತುಟಿ ಬಿಚ್ಚಿದಳು. ಮೋಹಿನಿ ನನ್ನನ್ನು ಮುಂದಕ್ಕೆ ನೂಕಿ ತಾನೂ ದಾಟಿದಳು. ನಮ್ಮ ಹಿಂದೆ ಬಾಗಿಲು ಮುಚ್ಚಿಕೊಂಡಿತು.