ತಲೆ ಮುಟ್ಟಿದ ಕೈ

ರಬಕವಿಯ ಮಗ್ಗದವರಿಗೆ ಅದೇನಾಗಿತ್ತೋ ಕಾಣೆ! ಕಣ್ಣು ಪಿಳಿಪಿಳಿ ಬಿಟ್ಟುಕೊಂಡು ಕೂತಿದ್ದಾರೆ, ಮಿದುಳಿನ ಅಲೆ ತೋರಿಸುವ ಮಷಿನ್ನಿನ ಪರದೆಯ ಮೇಲೆ ಮಾತ್ರ ತೂಕಡಿಕೆಯ ಅಲೆಗಳು. “ಖರೇನ ಎಚ್ಚರ ಇದ್ನಿರಿ ಅಕ್ಕಾರ” ಎಂದು ಒಬ್ಬೊಬ್ಬರೂ ಆಣೆ ಇಡುತ್ತಿದ್ದರು.

ದಣಿದ ಮಿದುಳಿನ ಬೆನ್ನು ಹತ್ತಿಯೇ ತಲೆ ನರೆಸಿಕೊಂಡ ವಿಜ್ಞಾನಿ ರಾಜೇಶ್ವರಿ. ನಿವೃತ್ತಿಗೆ ಮುಂಚಿನ ಕೊನೆಯ ಅಧ್ಯಯನಕ್ಕೆಂದು ಬೆಂಗಳೂರಿನಿಂದ ಬಂದು, ಮಗ್ಗದ ಶೆಡ್ಡಿನ ಪಕ್ಕದಲ್ಲೇ ಕೋಣೆ ಹಿಡಿದಿದ್ದಳು. ಪಾಳಿಗೆ ಮುಂಚೆ ಚುರುಕಾಗಿದ್ದ ಮಿದುಳು ಪಾಳಿ ಮುಗಿದಾಗ ಎಷ್ಟು ಸೋತಿರುತ್ತದೆಂದು ನೋಡಬೇಕು. ಮುಂಚೆಯೇ ಸೋತಿದ್ದರೆ ನೋಡುವುದೇನು ಮಣ್ಣು? ಇಷ್ಟು ವರ್ಷದ ದುಡಿಮೆ ಅರ್ಧಕ್ಕೇ ನಿಂತಂತೆ.

ಮಷಿನ್ ಕೆಟ್ಟಿದೆಯೋ ನೋಡೋಣವೆಂದು ತಾನೇ ಕೂತಳು. ತಂತಿಯ ಟೊಪ್ಪಿಗೆ ಹಾಕಲು ಮಾತ್ರ ಇನ್ನೊಬ್ಬರ ಕೈ ಬೇಕು. ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಪದ್ಮವ್ವನನ್ನು ಕರೆದಳು.

“ಕೂದಲಾ ಸರಿಸಿ, ಬುಡಕ್ಕ ಅಂಟು ಹಚ್ಚಬೇಕು. ಇಷ್ಟ.”

“ಅಯ್ಯ, ಎಣ್ಣಿ ಕಂಡು ಎಷ್ಟು ವರ್ಷ ಆತ್ರಿ ಈ ತಲಿ?” ಪದ್ಮವ್ವ ಬೈಯುತ್ತಲೇ ಬೈತಲೆ ತೆಗೆಯತೊಡಗಿದಳು.

ಬೀಳಗಿಯ ಮನೆಯಲ್ಲಿ ರಾಜೇಶ್ವರಿಯ ಅವ್ವ ಹೀಗೇ ಬೈಯುತ್ತ ಹೆರಳು ಹಾಕುತ್ತಿದ್ದಳು. ಅವ್ವ ಹೋದ ಮೇಲೆ ಈ ತಲೆಯನ್ನು ಯಾರೂ ಮುಟ್ಟಿರಲಿಲ್ಲ. ಊರ ಮಂದಿಯ ತಲೆಯನ್ನೆಲ್ಲ ತಾನು ಮುಟ್ಟಿದ್ದಳು. ಎಚ್ಚರವಾಗಿಯೇ ಇದ್ದೇನೆಂದುಕೊಂಡಳು.

“ಅಕ್ಕಾರ, ಕಣ್ಣಾಗ ನೀರು ಬಂದಾವಲ್ರಿ?”

ಆಗಲೇ ಟೊಪ್ಪಿಗೆ ಹಾಕಿ ಮುಗಿದಿತ್ತು. ರಾಜೇಶ್ವರಿ ಬೆಚ್ಚಿ ಪರದೆ ನೋಡಿದಳು. ಅವೇ ತೂಕಡಿಕೆಯ ಅಲೆಗಳು! ಮಷಿನಿಗೆ ಏನೂ ಆಗಿರಲಿಲ್ಲ. ದಿನವಿಡೀ ನಿಂತೇ ದುಡಿಯುವವರು ಕೂತಾಗ ಯಾರೋ ತಲೆ ಮುಟ್ಟಿದರೆ, ಮಿದುಳು ಅಲ್ಲೇ ಒರಗಿಬಿಡುತ್ತಿತ್ತು. ಟೊಪ್ಪಿಗೆ ಹಾಕಿದ ಮೇಲೆ ಒಂದಿಷ್ಟು ಓಡಾಡಿಸಿ ಕೂರಿಸಿದರೆ ಆಯಿತು, ಅಧ್ಯಯನ ಉಳಿಯಿತು. ಇನ್ನೊಂದು ದಿನವಾಗಿದ್ದರೆ ಕುಣಿದುಬಿಡುತ್ತಿದ್ದಳು.

ಪದ್ಮವ್ವ ಟೊಪ್ಪಿಗೆ ಬಿಚ್ಚಿ, ಕೈ ಒರೆಸಿಕೊಂಡು ಬಾಗಿಲಿಗೆ ನಡೆದಳು.

“ಮಷಿನ್ ಬರೋಬ್ಬರಿ ಐತಿಲ್ರಿ? ಹಂಗಾರ ಇನ್ನ ನನ್ನ ಕೆಲಸ ಇಲ್ಲ ಬಿಡ್ರಿ.”

ಇಷ್ಟು ವರ್ಷದಲ್ಲಿ ರಾಜೇಶ್ವರಿ ಒಂದೇ ಒಂದು ಸುಳ್ಳು ಅಂಕಿ ಬರೆದವಳಲ್ಲ.

“ಇಲ್ಲ ಪದ್ಮವ್ವ,” ಎಂದಳು, ಪರದೆಗೆ ಬೆನ್ನು ಮಾಡಿ. “ಇನ್ನೂ ಬರೋಬ್ಬರಿ ಆಗಿಲ್ಲ. ನಾಳೆ ಇನ್ನೊಮ್ಮೆ ಬಂದು ನನ್ನ ತಲಿ ನೋಡ್ತೀಯೇನು?”